ಬಿಳಿ ಎರಡರ ಚೈಕೋವ್ಸ್ಕಿ

ಮೂರನೆಯ ಸಲ ಬಾಗಿಲು ತಟ್ಟಿದಾಗಲೂ ಒಳಗಿನಿಂದ ಕೇಳಿಸಿದ್ದು ಕಹಳೆಗಳ ಮೊಳಗೇ ಹೊರತು ಗಂಡನ ಉತ್ತರವಲ್ಲ. ಸುಗುಣಾ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲನ್ನು ದೂಡಿದಳು.

"ಇಲ್ಲಿ ಕೇಳಿ. ಬಡಗಿ ಬಂದಿದ್ದಾನೆ. ಮಂಚ ಎಲ್ಲಿ ಜೋಡಿಸ್ಲಿಕ್ಕೆ ಅಂತ ಕೇಳ್ತಾನೆ."

ಯಜ್ಞೇಶ್ವರ ಐತಾಳರು ಕಣ್ಣು ಮುಚ್ಚಿಕೊಂಡೇ ಒಂದು ಬೆರಳು ಎತ್ತಿದರು. ತಡೆ ಎಂದು ಅರ್ಥ.

"ಈಗ ಬರ್ತದೆ ನೋಡು... ಇಲ್ಲಿ... ಇಲ್ಲಿ ಮಾಸ್ಕೋದವರು ಒಂದು ಉಸಿರು ತಕ್ಕೊಳ್ತಾರೆ. ಬರ್ಲಿನ್‌ನವರಿಗೆ ಈ ತಾಳ್ಮೆ ಇಲ್ಲ ಮಾರಾಯ್ತಿ."

"ಬಡಗಿಗೂ ಇಲ್ಲ."

ಬಡಗಿ ಅವಳ ಹೆಗಲ ಮೇಲಿನಿಂದ ಇಣುಕಿದ. ಕಿಟಕಿಯ ಕೆಳಗೆ ಸಾಲಾಗಿ ನಿಲ್ಲಿಸಿದ ರೆಕಾರ್ಡುಗಳು, ಮೇಜಿನ ಮೇಲೆ ತಿರುಗುವ ಪ್ಲೇಯರ್, ಪಕ್ಕದಲ್ಲಿ ಇಟ್ಟಿಗೆಯಷ್ಟು ಭಾರದ ಟ್ರಾನ್ಸ್‌ಫಾರ್ಮರ್, ಎರಡು ಮೂಲೆಗೆ ಎರಡು ಸ್ಪೀಕರ್ ಪೆಟ್ಟಿಗೆ, ನಡುವೆ ಐತಾಳರ ಬೆತ್ತದ ಕುರ್ಚಿ. ಮಗಳ ಮಂಚದ ಹಲಗೆಗಳು ಗೋಡೆಗೆ ಒರಗಿ ನಿಂತಿದ್ದವು. ಮಂಚ ಬಿಡಿ, ಚಾಪೆ ಹಾಸಲೂ ಎಡೆ ಇರಲಿಲ್ಲ.

"ಕಾಕು, ಖೋಲಿ ರಿಕಾಮಿ ಝಾಲಿ ಕೀ ಬೋಲವಾ," ಎಂದು, ರೂಮು ಖಾಲಿಯಾದ ಮೇಲೆ ಕರೆಯಿರಿ ಎನ್ನುವ ಸನ್ನೆ ಮಾಡಿ, ಅವನು ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಕಡೆ ಹೋದ. ಬೊಂಬಾಯಿ ಹೊರಗಿನ ಈ ಡೊಂಬಿವಲಿಯಲ್ಲಿ ಒಬ್ಬ ಬಡಗಿಯನ್ನು ಮನೆಯ ತನಕ ಕರೆಸುವುದೆಂದರೆ ಸಣ್ಣ ಕೆಲಸವಲ್ಲ. ಅವನಿಗಾಗಿ ಅವಳು ಒಂದು ವಾರ ಫೋನು ಮಾಡಿದ್ದಳು.

"ಹೋದ," ಎಂದಳು.

"ಹೋಗ್ಲಿ. ನಾಳೆ ಬರ್ತಾನೆ."

"ಅಪರ್ಣಾ ಬರುವುದು ಮುಂದಿನ ಗುರುವಾರ. ಅವಳು ಎಲ್ಲಿ ಮಲಗ್ಬೇಕು? ನಿಮ್ಮ ಮಾಸ್ಕೋದವರ ತೊಡೆ ಮೇಲಾ?"

"ಹೋಲಿಕೆ ಮುಗಿಯಲಿ ಅಂತ ಹೇಳಿದ್ದೇನಲ್ಲ ಸುಗುಣಾ. ಇನ್ನು ಆರನೆಯದು ಒಂದು ಉಂಟು. ಆದಿತ್ಯವಾರ ಭಾಷಣ ಆದ ಮೇಲೆ ರೂಮು ನಿನಗೆ."

ಈ ಹೋಲಿಕೆ ಎನ್ನುವ ಶಬ್ದ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತು. ರಷ್ಯಾದ ಚೈಕೋವ್ಸ್ಕಿ ಎಂಬವನು ಆರು ಸಿಂಫನಿ ಬರೆದಿದ್ದಾನೆ. ಬರೆದವನು ಬರೆದು ಹೋದ. ಅದನ್ನು ಮಾಸ್ಕೋದವರು, ಬರ್ಲಿನ್‌ನವರು, ಲಂಡನ್‌ನವರು ಬೇರೆಬೇರೆಯಾಗಿ ಬಾರಿಸಿ ರೆಕಾರ್ಡು ಮಾಡಿಟ್ಟಿದ್ದಾರೆ. ಯಾರದು ಮೇಲು ಎಂದು ತೀರ್ಮಾನಿಸುವ ಹೊಣೆ ಠಾಣೆಯ ನೌಪಾಡಾದಲ್ಲಿ ಉಡುಪಿ ಹೋಟೆಲು ನಡೆಸುವ ಯಜ್ಞೇಶ್ವರ ಐತಾಳರ ಮೇಲೆ ಬಿದ್ದದ್ದು ಹೇಗೆ ಎಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಮಾಡುವ ಕ್ರಮವೂ ಹೋಟೆಲಿನದೇ. ಬೆಳಿಗ್ಗೆ ಅಂಗಡಿಯವನು ಮೂರು ಬಗೆಯ ಕಾಫಿಪುಡಿ ತಂದರೆ ಐತಾಳರು ಮೂರು ಲೋಟ ಇರಿಸಿ, ಒಂದೊಂದು ಗುಟುಕು ಕುಡಿದು, ನಡುವೆ ನೀರು ಮುಕ್ಕಳಿಸಿ, ಮತ್ತೆ ಮೊದಲ ಲೋಟಕ್ಕೆ ಬರುತ್ತಿದ್ದರು. ಸಿಂಫನಿಗೂ ಹಾಗೆಯೇ. ಮಾಸ್ಕೋದವರ ಒಂದು ತುಂಡು ಪ್ಲೇಯರಿನಲ್ಲಿ, ಬರ್ಲಿನ್‌ನವರ ಅದೇ ತುಂಡು ಫೋನಿನಿಂದ, ಲಂಡನ್‌ನವರ ಅದೇ ತುಂಡು, ಪುನಃ ಮಾಸ್ಕೋ. ನಡುವೆ ಒಂದು ಲೋಟ ನೀರು. ಮಧ್ಯಾಹ್ನ ಹೋಟೆಲಿನ ಗಲ್ಲಾ ತಮ್ಮನಿಗೆ ಒಪ್ಪಿಸಿ ಲೋಕಲ್ ಹಿಡಿದು ಮನೆಗೆ ಬಂದರೆ ಸಂಜೆ ದೀಪ ಹಚ್ಚುವ ತನಕ ಇದೇ.

ಮಾಸ್ಕೋದವರ ರೆಕಾರ್ಡುಗಳು ಹಳೆಯವು. ಐತಾಳರು ಹುಡುಗನಾಗಿ ಫೋರ್ಟಿನಲ್ಲಿ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ಕಾಲದಲ್ಲಿ ಬೊಂಬಾಯಿಯಲ್ಲಿ ರಷ್ಯಾದ ಪುಸ್ತಕ, ರೆಕಾರ್ಡು ಅಗ್ಗಕ್ಕೆ ಸಿಗುತ್ತಿದ್ದವು. ಹೊದಿಕೆಯ ಚಿತ್ರ ಚಂದ ಇದೆ ಎಂದು ತೆಗೆದುಕೊಂಡರಂತೆ. ಆಗಿನ ಪ್ಲೇಯರ್ ಮದುವೆಗೆ ಮೊದಲೇ ಕೆಟ್ಟುಹೋಯಿತು. ರೆಕಾರ್ಡುಗಳು ಮಾಳಾದ ಮೇಲೆ, ಅಟ್ಟದ ಪಾತ್ರೆಗಳ ಹಿಂದೆ, ಇಷ್ಟು ವರ್ಷ ಸುಮ್ಮನೆ ಮಲಗಿದ್ದವು. ಮೂರು ವರ್ಷದ ಹಿಂದೆ ಸೌದಿಯ ದಮ್ಮಾಮಿನಲ್ಲಿರುವ ಚಿಕ್ಕಪ್ಪನ ಮಗ ಮನೀಶ, ಊರು ಬಿಟ್ಟುಹೋದ ಒಬ್ಬ ಅಮೆರಿಕದವನಿಂದ ಒಳ್ಳೆಯ ಪ್ಲೇಯರ್ ಸಿಕ್ಕಿತು ಅಣ್ಣ ಎಂದು ಹೊತ್ತು ತಂದು ಕೊಟ್ಟ. ಅಲ್ಲಿಂದ ಶುರು. ಅಪರ್ಣಾಳ ಮದುವೆಯಾಗಿ ಅವಳು ವಾಶಿಗೆ ಹೋದದ್ದೇ ತಡ, ಅವಳ ರೂಮಿನೊಳಗೆ ಮಾಸ್ಕೋದವರು ಗೃಹಪ್ರವೇಶ ಮಾಡಿದರು.

ಮತ್ತೆ ಐತಾಳರಿಗೆ ಮಾಸ್ಕೋದವರೆಂದರೆ ಪ್ರಾಣ. ಯಾರು ಮನೆಗೆ ಬಂದರೂ ಕೂರಿಸಿ ವಿವರಿಸುತ್ತಿದ್ದರು. "ನಾಲ್ಕನೆಯ ಸಿಂಫನಿ ತಕ್ಕೊಳ್ಳಿ. ಬರ್ಲಿನ್‌ನವರದ್ದು ಬಿಳಿ ನಾಲ್ಕು. ಲಂಡನ್‌ನವರದ್ದೂ ಬಿಳಿ ನಾಲ್ಕು. ಮಾಸ್ಕೋದವರು ಮಾತ್ರ ಬಿಳಿ ಎರಡು." ಯಕ್ಷಗಾನದ ಆಟ ನೋಡಿ ಬೆಳೆದವರ ಲೆಕ್ಕ ಅದು, ಹಾರ್ಮೋನಿಯಮ್ಮಿನ ಬಿಳಿ ಮನೆ, ಕಪ್ಪು ಮನೆ ಎಣಿಸಿ ಶ್ರುತಿ ಹೇಳುವುದು. "ಒಬ್ಬ ಭಾಗವತ ಕಪ್ಪು ಮೂರರಲ್ಲಿ ಹಾಡ್ತಾನೆ, ಇನ್ನೊಬ್ಬ ಬಿಳಿ ಒಂದಕ್ಕೆ ಇಳೀತಾನೆ. ಅವನವನ ಶಾರೀರ. ಮಾಸ್ಕೋದವರದ್ದು ತಗ್ಗಿನ ಶಾರೀರ. ಆ ಶ್ರುತಿಗೆ ವಿಳಂಬವೇ ಆಗ್ಬೇಕು. ಓಡಿದರೆ ಕೆಡ್ತದೆ. ಅದನ್ನು ತಿಳಿದವರು ಅವರು ಮಾತ್ರ."

ಠಾಣೆಯ ಕನ್ನಡ ಸಂಘದ ಕಾರ್ಯದರ್ಶಿ, ಮೈಸೂರಿನ ಸತ್ಯನಾರಾಯಣ ಇದನ್ನು ಒಮ್ಮೆ ಕೇಳಿ ಬೆರಗಾಗಿ, ಸಂಘದ ತಿಂಗಳ ಉಪನ್ಯಾಸಕ್ಕೆ ಐತಾಳರನ್ನೇ ಗೊತ್ತು ಮಾಡಿದರು. ವಿಷಯ: 'ಒಬ್ಬ ಚೈಕೋವ್ಸ್ಕಿ, ಮೂರು ಶ್ರುತಿ'. ಎರಡೇ ಶ್ರುತಿಯಲ್ಲವೇ ಎಂದು ಸುಗುಣಾ ಕೇಳಿದ್ದಕ್ಕೆ, ಮೂರು ಎಂದರೆ ಕೇಳಲು ತೂಕ ಇರುತ್ತದೆ ಎಂದರು ಐತಾಳರು.

ಶುಕ್ರವಾರ ಅಳಿಯ ಕುಶಾಲ್ ಅಪರ್ಣಾಳ ಎರಡು ಸೂಟ್‌ಕೇಸು ಇಟ್ಟುಹೋಗಲು ವಾಶಿಯಿಂದ ಬಂದ. ಬೆಂಗಳೂರಿನ ಹುಡುಗ, ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಮಾತು ಮೆಲ್ಲಗೆ. ಸೀಮಂತ ಮುಗಿದಿದೆ, ಹೆರಿಗೆ ತಾಯಿಮನೆಯಲ್ಲಿ ಎಂದು ಮಾತಾಗಿದೆ. ಸೂಟ್‌ಕೇಸು ಎಲ್ಲಿಡುವುದು ಎಂದು ಅವನು ಕೇಳಿದಾಗ ಸುಗುಣಾಳಿಗೆ ನಾಚಿಕೆಯಾಗಿ, ಸದ್ಯಕ್ಕೆ ಸೋಫಾದ ಹಿಂದೆ ಇರಲಿ ಎಂದಳು. ಐತಾಳರು ಅಳಿಯನನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ನಾಲ್ಕನೆಯ ಸಿಂಫನಿ ಹಾಕಿದರು.

ಸ್ವಲ್ಪ ಹೊತ್ತಿಗೆ ಕುಶಾಲ್ ಖಾಲಿ ಲೋಟ ಹಿಡಿದು ಅಡಿಗೆಮನೆಯ ಬಾಗಿಲಿನಲ್ಲಿ ನಿಂತಿದ್ದ.

"ಅತ್ತೆ, ಒಂದ್ ನಿಮಿಷ. ತಪ್ಪು ತಿಳ್ಕೋಬಾರ್ದು."

"ಕಾಫಿ ಸಪ್ಪೆಯಾಯ್ತಾ?"

"ಅಯ್ಯೋ ಅಲ್ಲ. ಮಾವನ ಪ್ಲೇಯರ್ ನಿಧಾನ ಓಡ್ತಿದೆ."

ಅವಳು ಒಲೆ ಸಣ್ಣ ಮಾಡಿದಳು. ಕುಶಾಲ್ ಫೋನು ತೆಗೆದು, ದನಿ ತಗ್ಗಿಸಿ, ಅವಳ ಕಿವಿಯ ಹತ್ತಿರ ಹಿಡಿದ. ರೂಮಿನಲ್ಲಿ ಕೇಳುತ್ತಿದ್ದ ಅದೇ ಕಹಳೆಗಳು. ಆದರೆ ಏರು ಶ್ರುತಿಯಲ್ಲಿ, ಚುರುಕಾಗಿ.

"ಇದು ಬರ್ಲಿನ್‌ನವರದ್ದಾ?"

"ಅಲ್ಲ ಅತ್ತೆ. ಇದೇ ಮಾವನ ರೆಕಾರ್ಡು. ಅದೇ ಮಾಸ್ಕೋದವರು, ಅದೇ ವರ್ಷದ್ದು. ಕವರ್ ನೋಡಿ, ಅದೇ ಚಿತ್ರ."

"ಶ್ರುತಿ ಬೇರೆ ಉಂಟಲ್ಲ?"

"ಅದೇ ನಾನು ಹೇಳ್ತಿರೋದು. ನಮ್ಮ ಸಂಗೀತದ ಥರ ಅವರವರ ಶ್ರುತಿ ಅಂತ ಇದರಲ್ಲಿ ಇಲ್ಲ. ಬರೆದವನು ಯಾವ ಮನೆಯಿಂದ ಅಂತ ಬರೆದಿಟ್ಟಿರ್ತಾನೋ ಎಲ್ಲರೂ ಅದೇ ಮನೆಯಿಂದ ಬಾರಿಸಬೇಕು. ಚಿಕ್ಕಂದಿನಲ್ಲಿ ನಾನು ಪಿಯಾನೋ ಪರೀಕ್ಷೆ ಕಟ್ಟಿದ್ದೆ. ಮಾವ ಶ್ರುತಿ ಬೇರೆ ಅಂತ ಕರೆಕ್ಟಾಗಿ ಗುರುತಿಸಿದಾರೆ. ಕಾರಣ ಮಾತ್ರ ಮಾಸ್ಕೋದವರಲ್ಲ, ಮೋಟಾರು."

ಮತ್ತೆ ಅವನು ಬಿಡಿಸಿ ಹೇಳಿದ. ದಮ್ಮಾಮಿನ ಕರೆಂಟು ಸೆಕೆಂಡಿಗೆ ಅರವತ್ತು ಸಲ ಮಿಡಿಯುತ್ತದೆ, ನಮ್ಮದು ಐವತ್ತು. ಆ ಪ್ಲೇಯರಿನ ಮೋಟಾರು ಮಿಡಿತವನ್ನು ಹಿಡಿದು ತಿರುಗುವಂಥದ್ದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜು ಸರಿಮಾಡುತ್ತದೆ, ಮಿಡಿತವನ್ನಲ್ಲ. ತಟ್ಟೆ ನಿಧಾನವಾದರೆ ಹಾಡು ನಿಧಾನ, ಶ್ರುತಿಯೂ ತಗ್ಗು.

ಸುಗುಣಾಳಿಗೆ ಅಷ್ಟೂ ಅರ್ಥವಾಯಿತು. ಅರ್ಥವಾಗದೆ ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು. ಆ ಸಿಂಫನಿಯ ಒಂದು ಭಾಗದಲ್ಲಿ ಪಿಟೀಲಿನವರು ಕಮಾನು ಕೆಳಗಿಟ್ಟು ಎಲ್ಲರೂ ಬೆರಳಿನಲ್ಲೇ ತಂತಿ ಮೀಟುತ್ತಾರೆ. ಅದು ರೂಮಿನಿಂದ ಕೇಳಿದಾಗಲೆಲ್ಲ, ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದ ಒಗ್ಗರಣೆಯ ಹಾಗೆ ಇದೆ ಇದು ಎಂದುಕೊಂಡಿದ್ದಳು. ತನಗೆ ತಿಳಿಯದ ಸಂಗೀತ ಎಂದು ಸುಮ್ಮನಿದ್ದಳು.

"ಇದನ್ನು ನನಗೆ ಯಾಕೆ ಹೇಳಿದ್ರಿ ಕುಶಾಲ್? ಅವರಿಗೇ ಹೇಳಿ."

"ನಾನಾ? ಬೇಡ ಅತ್ತೆ. ಮಾವ ನನ್ನನ್ನ ಇನ್ನೂ ಬನ್ನಿ ಹೋಗಿ ಅಂತಾರೆ. ಮೊದಲು ಅದು ಹೋಗಲಿ. ಆದರೆ ಭಾನುವಾರ ಅಲ್ಲಿ ಯಾರಾದ್ರೂ ತಿಳಿದವರು ಬಂದಿದ್ರೆ..." ಎಂದು ಅವನು ಲೋಟವನ್ನು ಸಿಂಕಿನಲ್ಲಿ ತೊಳೆದಿಟ್ಟ. ಅಳಿಯ ಲೋಟ ತೊಳೆದದ್ದನ್ನು ತಡೆಯಬೇಕೆಂದು ಕೂಡ ಅವಳಿಗೆ ತೋಚಲಿಲ್ಲ.

ಅವನು ಹೋದ ಮೇಲೆ ಬೀನ್ಸ್ ಮುರಿಯುತ್ತ ಲೆಕ್ಕ ಹಾಕಿದಳು. ಹೇಳಿದರೆ ಈ ಮನುಷ್ಯ ಮೊದಲಿನಿಂದ ಶುರು ಮಾಡುತ್ತಾರೆ. ಕಾಫಿಪುಡಿಯಲ್ಲಿ ಒಂದು ಲೋಟ ಹಳಸಿತ್ತೆಂದು ತಿಳಿದರೆ ಮೂರೂ ಲೋಟ ಚೆಲ್ಲಿ ಹೊಸದಾಗಿ ಇಡುವವರು. ಆರು ಸಿಂಫನಿ, ಮೂರು ಊರಿನವರು, ಪುನಃ ಒಂದನೆಯದರಿಂದ. ರೂಮು ಖಾಲಿಯಾಗುವಾಗ ಮೊಮ್ಮಗು ಶಾಲೆಗೆ ಹೋಗುತ್ತಿರುತ್ತದೆ. ಹೇಳದಿದ್ದರೆ ಆದಿತ್ಯವಾರ ಭಾಷಣ ಮುಗಿಯುತ್ತದೆ, ಹೋಲಿಕೆ ಮುಗಿಯುತ್ತದೆ, ಬಡಗಿ ಬರುತ್ತಾನೆ, ಮಂಚ ಎದ್ದು ನಿಲ್ಲುತ್ತದೆ. ಆದರೆ ಕುಶಾಲನಂಥ ಒಬ್ಬ ಸಭೆಯಲ್ಲಿ ಎದ್ದು ನಿಂತರೆ?

ಬೇರೆ ಯಾರ ಬಾಯಿಂದಲಾದರೂ ಹೊರಡಲಿ ಎಂದು ದಮ್ಮಾಮಿಗೆ ಫೋನು ಮಾಡಿದಳು. ಮನೀಶ ಬಿದ್ದು ಬಿದ್ದು ನಕ್ಕ.

"ಅಯ್ಯೋ ಅತ್ತಿಗೆ! ಮೂರು ವರ್ಷದಿಂದ ಅಣ್ಣ ಸ್ಲೋ ಮೋಷನ್ ಕೇಳ್ತಾ ಇದ್ದಾರಾ?"

"ನಗುವುದು ಮತ್ತೆ. ತಂದುಕೊಟ್ಟವನು ನೀನು. ನೀನೇ ಹೇಳು."

"ನನ್ನಿಂದಾಗ್ಲಿಕ್ಕಿಲ್ಲ. ಅವರು ಆ ಪ್ಲೇಯರಿಗೆ ಗಂಧ ಹಚ್ಚುವುದೊಂದು ಬಾಕಿ. ನೀವೇ ಹೇಳಿ, ನೀವು ಹೇಳಿದ್ರೆ ಬೈಯುವುದಿಲ್ಲ."

ಬೈಯುವುದಿಲ್ಲವಂತೆ. ಬೈದರೆ ಸುಲಭವಿತ್ತು. ಸತ್ಯನಾರಾಯಣರಿಗೆ ಫೋನು ಮಾಡಿ, ಉಪನ್ಯಾಸ ಒಂದು ತಿಂಗಳು ಮುಂದಕ್ಕೆ ಹಾಕಬಹುದಾ ಎಂದು ಕೇಳಿದಳು.

"ಅಯ್ಯಯ್ಯೋ, ಏನಮ್ಮ ನೀವು? ವಾಟ್ಸಾಪಲ್ಲಿ ಎಲ್ಲರಿಗೂ ಹೋಗಿದೆ. ಉಪ್ಪಿಟ್ಟಿಗೆ ಕೇಸರಿಬಾತಿಗೆ ಹೇಳಿಯಾಗಿದೆ. ಮುಂದಿನ ತಿಂಗಳು ಹಾಸ್ಯಸಂಜೆ. ರಾಯರಿಗೆ ಮೈಗೆ ಹುಷಾರಿಲ್ವ?"

"ಮೈಗೆ ಹುಷಾರುಂಟು," ಎಂದು ಇಟ್ಟಳು.

ಶನಿವಾರ ಮಧ್ಯಾಹ್ನ ಐತಾಳರು ಆರನೆಯ ಸಿಂಫನಿಯ ರೆಕಾರ್ಡನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಾಗ ಅವಳು ಅಪರ್ಣಾಳ ಒಂದು ಸೂಟ್‌ಕೇಸನ್ನು ಎಳೆದುಕೊಂಡು ಹೋಗಿ ಅದರ ಮೇಲೆ ಕೂತಳು.

"ನಿಮ್ಮ ಹತ್ರ ಒಂದು ಹೇಳ್ಲಿಕ್ಕುಂಟು. ನಡುವೆ ಬೆರಳು ಎತ್ತಬಾರದು."

ಹೇಳಿದಳು. ಕುಶಾಲನ ಹೆಸರು ತರಬಾರದು ಎಂದುಕೊಂಡಿದ್ದರೂ ಅರ್ಧದಲ್ಲಿ ಬಂದುಬಿಟ್ಟಿತು. ಐತಾಳರು ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟರು.

"ಹುಡುಗನಿಗೆ ಅನುಭವ ಸಾಲದು. ಶ್ರುತಿ ಅವರವರ ಶಾರೀರಕ್ಕೆ..."

"ಪಿಟೀಲಿಗೆ ಎಂತ ಶಾರೀರ? ಅವರು ಹಾಡುವುದಾ?"

ಸುಗುಣಾ ತನ್ನ ಫೋನಿನಲ್ಲಿ, ಅಳಿಯ ಹೋಗುವ ಮೊದಲು ಹುಡುಕಿಟ್ಟಿದ್ದ ಮಾಸ್ಕೋದವರ ನಾಲ್ಕನೆಯ ಸಿಂಫನಿಯನ್ನು ತೆಗೆದಳು. "ಅದರಲ್ಲೂ ಹಾಕಿ, ಇದರಲ್ಲೂ ಹಾಕುವ. ಒಟ್ಟಿಗೆ."

ಒಟ್ಟಿಗೆ ಹಾಕಿದರು. ಎರಡೂ ಕಹಳೆಗಳು ಒಟ್ಟಿಗೆ ಹೊರಟವು, ಒಂದು ಮೇಲೆ, ಒಂದು ಕೆಳಗೆ, ಕೇಳಲಾರದ ಅಪಶ್ರುತಿ. ಸ್ವಲ್ಪದರಲ್ಲೇ ಫೋನು ಮುಂದೆ ಹೋಯಿತು. ಫೋನಿನಲ್ಲಿ ಕಹಳೆಗಳು ಮುಗಿದು ಪಿಟೀಲು ಶುರುವಾದರೂ ಪ್ಲೇಯರಿನ ಮಾಸ್ಕೋದವರು ಇನ್ನೂ ಕಹಳೆ ಊದುತ್ತಲೇ ಇದ್ದರು. ಯಾರೋ ಕೆಮ್ಮಿದ ಸದ್ದು ರೆಕಾರ್ಡಿನಲ್ಲೇ ಇತ್ತು. ಅದು ಮೊದಲು ಫೋನಿನಲ್ಲಿ ಚಿಕ್ಕದಾಗಿ ಕೇಳಿಸಿತು. ತುಸು ಹೊತ್ತಿನ ಬಳಿಕ ಅದೇ ಕೆಮ್ಮು ಪ್ಲೇಯರಿನಲ್ಲಿ, ಮುದುಕನ ಕೆಮ್ಮಿನ ಹಾಗೆ ದಪ್ಪವಾಗಿ ಬಂತು.

ಐತಾಳರು ಮುಳ್ಳನ್ನು ಎತ್ತಿದರು. ಫೋನು ಮಾತ್ರ ಬಾರಿಸುತ್ತಿತ್ತು. ಅದನ್ನು ಪೂರ್ತಿ ಒಂದು ಭಾಗ ಕೇಳಿದರು.

"ಎಂತ ಅವಸರ ಇವರಿಗೆ," ಎಂದರು ಕೊನೆಗೆ. "ಬರ್ಲಿನ್‌ನವರ ಹಾಗೇ ಉಂಟು."

"ಉಂಟು."

"ಹಾಗಾದ್ರೆ ನಾನು ಕೇಳಿದ್ದು ಯಾರದ್ದು?"

ಮಗಳು ಎಡವಿ ಬಿದ್ದು ಬಂದಾಗ ಮಂಡಿ ಊದಿದ ಹಾಗೆ ಇದನ್ನು ಊದಿ ಕಳಿಸುವಂತಿರಲಿಲ್ಲ. ಆದರೆ ಮರುಕ್ಷಣವೇ ಅವರು, "ಮೊದಲಿನಿಂದ ಪುನಃ ಕೇಳ್ಬೇಕಾಯ್ತು. ಆರೂ," ಎಂದರು. ಸುಗುಣಾಳ ಕನಿಕರ ಅಲ್ಲಿಗೆ ಮುಗಿಯಿತು.

"ಕೇಳಿ! ಸ್ವರ್ಗದಲ್ಲಿ ಕೂತು ಕೇಳಿ! ನನ್ನ ಮಗಳು ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಹಾಲಿನಲ್ಲಿ, ಟೀವಿಯ ಎದುರು ಮಲಗ್ಲಿ. ಬಂದವರೆಲ್ಲ ಅವಳನ್ನು ದಾಟಿಕೊಂಡು ಹೋಗ್ಲಿ. ಕೂಸು ಹುಟ್ಟಿದ ಮೇಲೆ ತೊಟ್ಟಿಲನ್ನು ಗ್ಯಾಲರಿಯಲ್ಲಿ, ಬಟ್ಟೆ ಒಣಗುವಲ್ಲಿ ಕಟ್ಟುವ. ಆಗದಾ?"

ಅವಳು ದನಿ ಎತ್ತುವುದು ವರ್ಷಕ್ಕೊಮ್ಮೆ. ಐತಾಳರು ಫೋನನ್ನು ಅವಳ ಕೈಗೆ ಕೊಟ್ಟರು.

ಆದಿತ್ಯವಾರ ಇಬ್ಬರೂ ಲೋಕಲ್ಲಿನಲ್ಲಿ ಠಾಣೆಗೆ ಹೋದರು. ಅವರ ಮಡಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕನೆಯ ಸಿಂಫನಿಯ ರೆಕಾರ್ಡು ಇತ್ತು. ಎಂತ ಹೇಳ್ತೀರಿ ಎಂದು ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಅವರು ಕಿಟಕಿಯಾಚೆ ನೋಡಿದರು.

ಸಭೆಯಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಕೇಸರಿಬಾತಿನ ವಾಸನೆ ಹಿಂದಿನಿಂದ ಬರುತ್ತಿತ್ತು. ಐತಾಳರು ಫೋನಿನಿಂದ ಬರ್ಲಿನ್‌ನವರನ್ನು, ಲಂಡನ್‌ನವರನ್ನು ಕೇಳಿಸಿದರು. ಹೇಗೆ ಒಬ್ಬರು ಕಹಳೆಯನ್ನು ಆಜ್ಞೆಯ ಹಾಗೆ ಊದುತ್ತಾರೆ, ಇನ್ನೊಬ್ಬರು ಎಚ್ಚರಿಕೆಯ ಹಾಗೆ, ಎಂದು ಹೇಳಿದರು. ಜನ ತಲೆದೂಗಿದರು. ಸುಗುಣಾಳಿಗೂ ಒಂದು ಘಳಿಗೆ ಹೆಮ್ಮೆ ಎನಿಸಿತು. ಕೊನೆಗೆ ಚೀಲದಿಂದ ರೆಕಾರ್ಡನ್ನು ತೆಗೆದು ಎತ್ತಿ ಹಿಡಿದರು.

"ಇನ್ನು ಮೂರನೆಯದು. ಇದು ಬಿಳಿ ಎರಡರದ್ದು, ಬಹಳ ವಿಳಂಬ. ಇದನ್ನು ನಾನು ಒಬ್ಬನೇ ಕೇಳಿದ್ದೇನೆ. ಇಲ್ಲಿ ಕೇಳಿಸುವ ಹಾಗಿಲ್ಲ," ಎಂದು ಹೇಳಿ ಕೂತುಬಿಟ್ಟರು.

ಜನಕ್ಕೆ ಅದು ಏನೋ ಅನುಭಾವದ ಮಾತಿನಂತೆ ಕೇಳಿಸಿ ಜೋರಾಗಿ ಚಪ್ಪಾಳೆ ಬಿತ್ತು. ಸುಗುಣಾ ಹಲ್ಲು ಕಚ್ಚಿದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಇಷ್ಟಕ್ಕೆ ಮುಗಿದರೆ ಸಾಕಪ್ಪ ಎಂದುಕೊಳ್ಳುವಷ್ಟರಲ್ಲಿ ಎದುರಿನ ಸಾಲಿನಿಂದ ಕಲ್ಯಾಣದ ಅಂಬಾದಾಸ ಎದ್ದರು. ಧಾರವಾಡದ ಕಡೆಯವರು, ಬ್ಯಾಂಕಿನಿಂದ ನಿವೃತ್ತರು, ತಿಳಿಯದ್ದನ್ನು ಕೇಳದೆ ಬಿಡುವವರಲ್ಲ.

"ಸರ, ಬಾಳ ಚಂದ ಹೇಳಿದ್ರಿ. ಆ ಮೂರನೇದ್ದು ನಮಗೂ ಬೇಕಾಗೇದ. ಎಲ್ಲಿ ಸಿಗತದ್ರಿ?"

"ಎಲ್ಲೂ ಸಿಗುವುದಿಲ್ಲ."

"ಅಲ್ರೀ, ನಿಮಗ ಸಿಕ್ಕದಲ್ಲ? ಇಂಟರ್ನೆಟ್‌ನ್ಯಾಗ ಇರಬೇಕಲ್ಲ?"

ಐತಾಳರು ಎದ್ದು ನಿಂತರು. ಅವಳ ಕಡೆ ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ಅಲ್ಲಾಡಿಸಲೂ ಇಲ್ಲ.

"ಇಂಟರ್ನೆಟ್‌ನಲ್ಲಿರುವುದು ಸರಿಯಾದ್ದು. ನನ್ನ ಮನೆಯ ಪ್ಲೇಯರ್ ನಿಧಾನ ಓಡ್ತಿತ್ತು. ಮೂರು ವರ್ಷ ಅದು ಮಾಸ್ಕೋದವರ ಶ್ರುತಿ ಅಂತ ನಂಬಿದ್ದೆ. ನಿನ್ನೆ ಗೊತ್ತಾಯ್ತು."

ಸಭೆ ನಗತೊಡಗಿತು. ಕೆಟ್ಟ ನಗುವಲ್ಲ. ಆದರೆ ನಿಲ್ಲಲಿಲ್ಲ. ಯಾರೋ ಹಿಂದಿನಿಂದ, "ಹಾಸ್ಯಸಂಜೆ ಈ ತಿಂಗಳೇ ಆಯ್ತಲ್ಲ!" ಎಂದದ್ದೇ ತಡ, ಮತ್ತೊಮ್ಮೆ ನಗು ಎದ್ದಿತು. ಸತ್ಯನಾರಾಯಣರೂ ನಗುತ್ತಲೇ ಮೈಕು ಹಿಡಿದು ವಂದನಾರ್ಪಣೆ ಮಾಡಿದರು. ಐತಾಳರು ಮಾತ್ರ ನಗದೆ, ರೆಕಾರ್ಡನ್ನು ಚೀಲಕ್ಕೆ ಹಾಕಿ, ಅದರ ಬಾಯಿ ಎರಡು ಸಲ ಮಡಚಿದರು.

ವಾಪಸು ಬರುವಾಗ ದಿವಾ ಸ್ಟೇಷನ್ ದಾಟಿದರೂ ಮಾತಿಲ್ಲ. ಸುಗುಣಾಳಿಗೆ ಸಭೆಯವರ ಮೇಲೆ ಸಿಟ್ಟು ಬಂತು. ಅಂಬಾದಾಸರ ಮೇಲೆ, ಕುಶಾಲನ ಮೇಲೆ, ದಮ್ಮಾಮಿನ ಕರೆಂಟಿನ ಮೇಲೆ ಬಂತು. ಹೇಳದೆ ಇರಬೇಕಿತ್ತೇ? ಹೇಳದಿದ್ದರೆ ಇದನ್ನೇ ಬೇರೆ ಯಾರೋ ಎದ್ದು ಹೇಳುತ್ತಿದ್ದರು. ಮಾತು ಆಡಿ ಎಂದರೆ ಆಡುವವರೂ ಅಲ್ಲ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆ ಮೌನದ ಮೇಲೆ.

ಸೋಮವಾರ ಅವರು ಹೋಟೆಲಿಗೆ ಹೋಗಲಿಲ್ಲ. ರೂಮಿಗೂ ಹೋಗಲಿಲ್ಲ. ಹಾಲಿನಲ್ಲಿ ಪೇಪರು ಹಿಡಿದು ಒಂದೇ ಪುಟ ನೋಡುತ್ತ ಕೂತರು. ಸಂಗೀತ ನಿಂತಿತ್ತು. ರೂಮು ಮಾತ್ರ ಇದ್ದಲ್ಲೇ ಇತ್ತು. ಮಧ್ಯಾಹ್ನದ ತನಕ ಕಾದಳು. ಬಡಗಿಗೆ ಸಂಜೆ ಬಾ ಎಂದು ಫೋನು ಮಾಡಿಯೂ ಆಗಿತ್ತು. ಇನ್ನು ಕೇಳುವುದು, ಗೋಗರೆಯುವುದು ಸಾಕೆನಿಸಿ, ಸೆರಗು ಸಿಕ್ಕಿಸಿ ರೂಮಿಗೆ ನಡೆದು, ಒಂದು ತೆಕ್ಕೆ ರೆಕಾರ್ಡುಗಳನ್ನು ಎತ್ತಿ, ರೊಟ್ಟಿಯ ಹಾಗೆ ಒಂದರ ಮೇಲೊಂದು ಅಡ್ಡ ಪೇರಿಸಿಕೊಂಡು ಹೊರಗೆ ಬಂದಳು.

ಪೇಪರು ಕೆಳಗೆ ಬಿತ್ತು.

"ಏ ಏ ಏ! ಹಾಗೆ ಅಡ್ಡ ಹಿಡೀಬಾರದು! ಬಗ್ಗಿಹೋಗ್ತದೆ! ನೆಟ್ಟಗೆ, ನೆಟ್ಟಗೆ!"

"ನನಗೆ ನೆಟ್ಟಗೆ ಹಿಡೀಲಿಕ್ಕೆ ಬರುವುದಿಲ್ಲ. ಬರುವವರು ಪೇಪರ್ ಓದ್ತಾ ಇದ್ದಾರೆ."

"ಕೊಡು ಇಲ್ಲಿ. ಎಲ್ಲಿಗೆ?"

"ಮಾಳಾದ ಮೇಲೆ."

"ಮಾಳಾದಲ್ಲಿ ಸೆಕೆ, ಕರಗ್ತದೆ."

"ಇಷ್ಟು ವರ್ಷ ಅಲ್ಲೇ ಇತ್ತಲ್ಲ, ಆಗ ಕರಗ್ಲಿಲ್ವಾ?"

"ಆಗ ಎಂತದಂತ ಗೊತ್ತಿರ್ಲಿಲ್ಲ."

ಅವಳು ಇನ್ನೊಂದು ತೆಕ್ಕೆಗೆ ಬಗ್ಗಿದಳು. ಅವರು ಅವಳನ್ನು ಪಕ್ಕಕ್ಕೆ ಸರಿಸಿ, ನೀನು ಮುಟ್ಟಬೇಡ, ದೂರ ನಿಲ್ಲು ಎಂದು ತಾವೇ ಹೊರತೊಡಗಿದರು. ಸಂಜೆ ಬಡಗಿ ಬರುವ ಹೊತ್ತಿಗೆ ದೇವರ ಕಪಾಟಿನ ಕೆಳಗಿನ ಖಾನೆಯಲ್ಲಿ ಕಂಚಿನ ದೀಪಗಳು ಹೋಗಿ ರೆಕಾರ್ಡುಗಳು ನೆಟ್ಟಗೆ ನಿಂತಿದ್ದವು. ಪ್ಲೇಯರನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ ಐತಾಳರು ತಾವೇ ಮಾಳಾಕ್ಕೆ ಏರಿಸಿದರು. ಕೆಳಗೆ ಕುರ್ಚಿ ಹಿಡಿದು ನಿಂತ ಸುಗುಣಾ, ಬೀಳಬೇಡಿ ಎಂದಳು.

ಗುರುವಾರ ಅಪರ್ಣಾ ಬಂದಳು. ಕಾಲು ಸ್ವಲ್ಪ ಊದಿತ್ತು. ರೂಮಿನ ಬಾಗಿಲಲ್ಲಿ ನಿಂತು, ಕಿಟಕಿಯ ಕೆಳಗೆ ಹಾಕಿದ ಮಂಚ, ಒಗೆದ ಚಾದರ ನೋಡಿ, "ಬಾಪ್ ರೇ! ಅಪ್ಪ ಖರೇ ಖಾಲಿ ಮಾಡಿದ್ರಾ ಅಮ್ಮ?" ಎಂದಳು. ಬೆನ್ನಿಗೆ ಎರಡು ದಿಂಬು ಇಟ್ಟು ಮಲಗಿದವಳು ಊಟದ ಹೊತ್ತಾದರೂ ಏಳಲಿಲ್ಲ. ಸುಗುಣಾ ಒಂದು ಸಲ ಇಣುಕಿ ಫ್ಯಾನು ಒಂದು ಹಂತ ಕಡಿಮೆ ಮಾಡಿ, ಬಾಗಿಲು ಎಳೆದುಕೊಂಡು ಬಂದಳು. ಎಷ್ಟೋ ದಿನದ ಮೇಲೆ ಮನೆಯಲ್ಲಿ ನಿಶ್ಶಬ್ದ. ಅಡಿಗೆಮನೆಯಲ್ಲಿ ಸೌತೆಕಾಯಿ ಕೊಚ್ಚಲು ಶುರು ಮಾಡಿದ್ದಳಷ್ಟೇ, ಐತಾಳರು ಸ್ಟೂಲು ಹಿಡಿದುಕೊಂಡು ಒಳಗೆ ಬಂದರು. ಕೈಯಲ್ಲಿ ಫೋನು, ಇಯರ್‌ಫೋನಿನ ವೈರು.

"ಇದನ್ನು ಒಂದು ಕಿವಿಗೆ ಹಾಕ್ಕೋ."

"ಎಂತ ಇದು?"

"ಒಂದನೆಯ ಸಿಂಫನಿ. ಮಗಳು ಮಲಗಿದ್ದಾಳಲ್ಲ, ಜೋರಾಗಿ ಹಾಕ್ಲಿಕ್ಕೆ ಆಗುವುದಿಲ್ಲ."

"ನನಗೆ ಯಾಕೆ? ನೀವು ಕೇಳಿ."

ಐತಾಳರು ವೈರಿನ ಗಂಟು ಬಿಡಿಸುತ್ತ ತಲೆ ಎತ್ತದೆ ಹೇಳಿದರು: "ನನ್ನ ಕಿವಿ ನಂಬ್ಲಿಕ್ಕೆ ಆಗುವುದಿಲ್ಲ ಅಂತ ಊರಿಗೇ ಗೊತ್ತಾಯ್ತಲ್ಲ. ನೀನು ಕೇಳಿ ಹೇಳು. ಯಾವುದು ಯಾರದು ಅಂತ ನಾನು ಹೇಳುವುದಿಲ್ಲ."

ಸಭೆಯ ವಿಷಯ ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಸುಗುಣಾಳಿಗೆ ರೇಗಿತು. ರೂಮು ಸಿಕ್ಕಿತು ಎನ್ನುವಷ್ಟರಲ್ಲಿ ಅಡಿಗೆಮನೆ ಹೋಯಿತು. ಆರು ಸಿಂಫನಿ, ಮೂರು ಊರು, ಇನ್ನು ಅವಳ ಕಿವಿಗೆ. ಬೇಡ ಎಂದು ಹೇಳಲು ತಿರುಗಿದಳು. ಅವರು ಇಯರ್‌ಫೋನನ್ನು ಅಂಗಿಯ ಚುಂಗಿನಿಂದ ಒರೆಸಿ ಅವಳತ್ತ ಚಾಚಿ ಹಿಡಿದುಕೊಂಡಿದ್ದರು.

"ಕೂಸು ಹುಟ್ಟುವ ತನಕ ಮಾತ್ರ," ಎಂದಳು.

"ಅಷ್ಟರಲ್ಲಿ ಆರೂ ಮುಗಿಯುವುದಿಲ್ಲ."

"ಮುಗಿಯದಿದ್ರೆ ಬಿಡಿ."

ಕಿವಿಗೆ ಸಿಕ್ಕಿಸಿಕೊಂಡಳು. ಪಿಟೀಲುಗಳ ತೆಳು ನಡುಕದ ಮೇಲೆ ಕೊಳಲು ಶುರುವಾಯಿತು. ಅದನ್ನು ಒಮ್ಮೆ ಕೇಳಿಸಿ, ನಿಲ್ಲಿಸಿ, ಅವಳಿಗೆ ಒಂದು ಲೋಟ ನೀರು ಕುಡಿಸಿ, ಅದೇ ತುಂಡನ್ನು ಇನ್ನೊಬ್ಬರದ್ದು ಕೇಳಿಸಿದರು. ಅವಳಿಗೆ ಎರಡೂ ಒಂದೇ. ಹುಳಿಗೆ ಮಸಾಲೆ ಹುರಿಯಬೇಕಿತ್ತು, ಮಗಳು ಎದ್ದರೆ ಹಸಿವು ಎನ್ನುತ್ತಾಳೆ.

"ಎರಡನೆಯದು ಒಳ್ಳೆದುಂಟು," ಎಂದು ಚಾಕು ಎತ್ತಿಕೊಂಡಳು.

"ಯಾಕೆ?"

"ಎಂತ ಯಾಕೆ? ಒಳ್ಳೆದುಂಟು."

"ಯಾಕೆ ಅಂತ ಹೇಳ್ಬೇಕು ಸುಗುಣಾ. ಸುಮ್ಮನೆ ಒಳ್ಳೆದುಂಟು ಅಂದ್ರೆ ಆಗುವುದಿಲ್ಲ. ನಾನು ಹಾಗೆ ಅಂದೇ ಕೆಟ್ಟದ್ದು."

ಅವಳು ಅವರ ಮುಖ ನೋಡಿದಳು. ತಮಾಷೆ ಇರಲಿಲ್ಲ ಅದರಲ್ಲಿ. ಚಾಕು ಕೆಳಗಿಟ್ಟು, ಒಲೆ ಆರಿಸಿ, ಕೈ ಒರೆಸಿಕೊಂಡು ಇನ್ನೊಂದು ಸ್ಟೂಲು ಎಳೆದುಕೊಂಡಳು.

"ಇನ್ನೊಮ್ಮೆ ಹಾಕಿ. ಮೊದಲನೆಯದ್ರಿಂದ."